ದೊಡ್ಡಮ್ಮ ಮತ್ತು ನಡುವಿನ ಡ್ರಮ್ಮು

ದೊಡ್ಡಮ್ಮನ ಕಿವಿ ಯಾವ ದಿನ ಹೋಯಿತೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಣ್ಣು ಹೋದರೆ ಬಾಗಿಲಿಗೆ ಡಿಕ್ಕಿ ಹೊಡೆದಾಗ ತಿಳಿಯುತ್ತದೆ, ಹಲ್ಲು ಹೋದರೆ ತಟ್ಟೆಯಲ್ಲಿ ಮಿಕ್ಕಿದ್ದು ಹೇಳುತ್ತದೆ. ಕಿವಿ ಹಾಗಲ್ಲ. ಮಾತಿನ ಮಧ್ಯೆ ಯಾರಿಗೂ ಹೇಳದೆ ಎದ್ದುಹೋದ ನೆಂಟನ ಹಾಗೆ. ಕುರ್ಚಿ ಖಾಲಿ ಇರುವುದು ಎಷ್ಟೋ ಹೊತ್ತಿನ ಮೇಲೆ ಕಣ್ಣಿಗೆ ಬೀಳುತ್ತದೆ.

ದೊಡ್ಡಮ್ಮ ಎಂದರೆ ಬೆಕ್ಕು. ಬೂದು ಬಣ್ಣದ, ಬಲಗಿವಿಯ ತುದಿ ಹರಿದ, ಹದಿನಾಲ್ಕು ವರ್ಷದ ಬೆಕ್ಕು. ಆ ಮನೆಯ ಮಗಳಿಗೆ ಇನ್ನೂ ಹತ್ತು. ಮಗು ಹುಟ್ಟಿ ಮನೆಗೆ ಬಂದ ದಿನ ತೊಟ್ಟಿಲಿಗೆ ಮೂಗು ತೂರಿಸಿದ ಬೆಕ್ಕನ್ನು ನೋಡಿ ಅಜ್ಜಿ, "ನೋಡೇ ಪುಟ್ಟಿ, ನಿನಗಿಂತ ಮೊದಲೇ ಈ ಮನೆ ಸೇರಿದೋಳು. ವರಸೇಲಿ ದೊಡ್ಡಮ್ಮ ಆಗ್ಬೇಕು ನಿಂಗೆ" ಎಂದಿದ್ದರು. ತಮಾಷೆಗೆ ಅಂದದ್ದು ಹೆಸರಾಗಿ ಅಂಟಿಕೊಂಡಿತು.

ಮನೆ ಎಂದರೆ ಲಾಂಡ್ರಿಯ ಹಿಂದಿನ ಎರಡು ಕೋಣೆ. ಮುಂದೆ ಉದ್ದನೆಯ ಯಂತ್ರದ ಕೋಣೆ. ಅಲ್ಲಿ ಒಗೆಯುವ ಯಂತ್ರಗಳು ಒಂದು ಗೋಡೆಗೆ, ಒಣಗಿಸುವ ಮೂರು ಡ್ರಮ್ಮುಗಳು ಇನ್ನೊಂದು ಗೋಡೆಗೆ; ಒಂದೊಂದರಲ್ಲೂ ಒಬ್ಬ ಮನುಷ್ಯ ಮಂಡಿ ಮಡಚಿ ಕೂರಬಹುದು. ಹೋಟೆಲುಗಳ ಹಾಸು, ಆಸ್ಪತ್ರೆಯ ಹೊದಿಕೆ, ಟವೆಲ್ಲುಗಳ ಗುಡ್ಡ. ಲಾಂಡ್ರಿ ನಡೆಸುವವಳು ಪುಟ್ಟಿಯ ಅಮ್ಮ. ಗಂಡನಿಗೆ ದೂರದ ಬಂದರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಮಿಕ್ಕ ದಿನವೆಲ್ಲ ಲಾಂಡ್ರಿ, ಅತ್ತೆ, ಮಗಳು, ಬೆಕ್ಕು ನಾಲ್ಕೂ ಲಾಂಡ್ರಿಯವಳೊಬ್ಬಳ ತಲೆಯ ಮೇಲೆ.

ಮೊದಲು ಗಮನಿಸಿದ್ದು ಮಗಳು. ಬಿಸ್ಕತ್ತಿನ ಡಬ್ಬ ಅಲ್ಲಾಡಿಸಿದರೆ ಪಕ್ಕದ ಬೀದಿಯಿಂದಲೂ ಓಡಿಬರುತ್ತಿದ್ದ ಬೆಕ್ಕು ಮೂರು ಮಾರು ದೂರದಲ್ಲಿ ಬೆನ್ನು ಹಾಕಿ ಕೂತಿತ್ತು.

"ಅಮ್ಮಾ, ಇವಳಿಗೆ ಕೇಳಿಸ್ತಿಲ್ಲ."

"ಕೇಳ್ಸುತ್ತೆ, ಎಲ್ಲಾ ಕೇಳ್ಸುತ್ತೆ" ಎಂದರು ಅತ್ತೆ. "ಸೊಕ್ಕು ಅದು. ವಯಸ್ಸಾದ್ಮೇಲೆ ಬೇಡದ್ದು ಯಾಕೆ ಕೇಳಿಸ್ಕೋಬೇಕು? ನಾನೂ ಹಾಗೇ ಮಾಡೋದು."

ಆಮೇಲೆ ಕೂಗು ಶುರುವಾಯಿತು. ತನ್ನ ದನಿ ತನಗೇ ಕೇಳದ ದೊಡ್ಡಮ್ಮ ಗೋಡೆಯತ್ತ ಮುಖ ಮಾಡಿ, ಜೀವ ಹೋಗುವಂತೆ ಅರಚುವುದು. ಮಲಗಿದ್ದಾಗ ಹಿಂದಿನಿಂದ ಮುಟ್ಟಿದ ಮಗಳ ಕೈಯನ್ನು ಮೊಣಕೈವರೆಗೂ ಗೀರಿ, ಆಮೇಲೆ ಯಾರೆಂದು ನೋಡಿ, ತಪ್ಪಾಯಿತು ಎನ್ನುವ ಹಾಗೆ ಅದೇ ಗಾಯವನ್ನು ನೆಕ್ಕಿತು. ಮಗಳು ಅತ್ತದ್ದು ಗಾಯಕ್ಕಲ್ಲ.

ಪ್ರಾಣಿಗಳ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ಮೇಜಿನ ಮೇಲೆ ಕಾಲು ಚಾಚಿ ಹೊಟ್ಟೆ ನೆಕ್ಕಿಕೊಳ್ಳುತ್ತಿತ್ತು.

"ವಯಸ್ಸಿನದು. ಇದಕ್ಕೆ ಮದ್ದಿಲ್ಲ. ಬೆಕ್ಕು ಆಗಲೇ ಹೊಂದ್ಕೊಂಡಿದೆ. ಹೊಂದ್ಕೋಬೇಕಾದವರು ನೀವು" ಎಂದರು.

ಹೊಂದಿಕೊಂಡರು, ಕೈಲಾದ ಮಟ್ಟಿಗೆ. ಊಟದ ಹೊತ್ತಿಗೆ ದೀಪ ಎರಡು ಸಲ ಆರಿಸಿ ಹೊತ್ತಿಸುವುದು. ಕೋಣೆಗೆ ಬರುವಾಗ ಹಿಮ್ಮಡಿಯಿಂದ ನೆಲ ಗುದ್ದುವುದು. ಹಲಗೆಯ ನೆಲದ ನಡುಕ ಅದರ ಅಂಗಾಲಿಗೆ ತಿಳಿಯುತ್ತಿತ್ತು. ಇದು ಮಗಳು ಕಂಡುಹಿಡಿದ ಉಪಾಯ. ಅತ್ತೆ ಮಾತ್ರ ನೆಲ ಗುದ್ದಲು ಒಪ್ಪಲಿಲ್ಲ, "ನನ್ನ ಮಂಡೀನ ಬೆಕ್ಕಿಗೆ ದಾನ ಮಾಡ್ಲಾ?" ಎಂದು ಕೋಲಿನಿಂದ ಕುಟ್ಟುತ್ತಿದ್ದರು.

ಆದರೆ ಯಂತ್ರದ ಕೋಣೆಯಲ್ಲಿ ಈ ಯಾವ ಉಪಾಯವೂ ನಡೆಯುವಂತಿರಲಿಲ್ಲ. ಅಲ್ಲಿ ನೆಲ ಬೆಳಗಿನಿಂದ ಸಂಜೆಯವರೆಗೂ ನಡುಗುತ್ತಲೇ ಇರುತ್ತದೆ. ಅಲ್ಲಿಗೊಂದು ಹಳೆಯ ಪದ್ಧತಿ ಇತ್ತು. ದೊಡ್ಡಮ್ಮ ಮರಿಯಾಗಿದ್ದಾಗಲೇ ಬೆಚ್ಚಗಿನ ಖಾಲಿ ಡ್ರಮ್ಮಿನಲ್ಲಿ ಮಲಗುವ ರುಚಿ ಹತ್ತಿಸಿಕೊಂಡಿತ್ತು. ಅದಕ್ಕೇ ಬಟ್ಟೆ ತುಂಬುವ ಮೊದಲು ಯಾರೇ ಆಗಲಿ ಸ್ಪ್ಯಾನರಿನಿಂದ ಕಬ್ಬಿಣದ ಬಾಗಿಲಿಗೆ ಎರಡು ಸಲ ಹೊಡೆಯಬೇಕು. ಢಣ್, ಢಣ್. ಬೆಕ್ಕಿದ್ದರೆ ಬಾಣದ ಹಾಗೆ ಹೊರಗೆ. ಇಲ್ಲದಿದ್ದರೆ ತುಂಬು, ಮುಚ್ಚು, ಒತ್ತು. ಹದಿನಾಲ್ಕು ವರ್ಷ ಈ ಢಣ್ ಢಣ್ ಒಮ್ಮೆಯೂ ತಪ್ಪಿರಲಿಲ್ಲ.

ಡಾಕ್ಟರ ಬಳಿಯಿಂದ ಬಂದ ದಿನವೇ ಲಾಂಡ್ರಿಯವಳು ಸ್ಪ್ಯಾನರನ್ನು ಕೊಕ್ಕೆಯಿಂದ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬಟ್ಟೆ ಮಡಿಸುವ ಹೆಂಗಸರಿಬ್ಬರನ್ನೂ, ವ್ಯಾನಿನವನನ್ನೂ ಸಾಲಾಗಿ ನಿಲ್ಲಿಸಿ ಹೇಳಿದಳು: "ಇನ್ಮೇಲೆ ಹೊಡೆಯೋದಿಲ್ಲ. ಮೊಣಕೈವರೆಗೂ ಕೈ ಹಾಕಿ, ಸುತ್ತ ಸವರಿ, ಆಮೇಲೆ ಬಟ್ಟೆ. ಮನೆಗೂ ಯಂತ್ರಕ್ಕೂ ಮಧ್ಯದ ಬಾಗಿಲು ಯಾವಾಗಲೂ ಹಾಕಿರಬೇಕು. ಯಾರಾದ್ರೂ ಮರೆತ್ರೆ ನಾನು ಮನುಷ್ಯಳಾಗಿರಲ್ಲ."

"ಈಗ ಆಗಿದ್ದೀಯಾ ಅಕ್ಕಾ?" ಎಂದ ವ್ಯಾನಿನವನು. ಅವನಿಗೆ ಗಡಿಬಿಡಿ ಎಂದೇ ಹೆಸರು. ಯಾವ ಬಾಗಿಲನ್ನೂ ಪೂರ್ತಿ ಮುಚ್ಚಿದವನಲ್ಲ, ಯಾವ ಮಾತನ್ನೂ ಪೂರ್ತಿ ಕೇಳಿದವನಲ್ಲ. ಎಲ್ಲರೂ ನಕ್ಕರು. ಇವನಿಂದಲೇ ಏನಾದರೂ ಆಗುವುದು ಎಂದು ಲಾಂಡ್ರಿಯವಳು ಅವತ್ತೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಐದು ವಾರ ಏನೂ ಆಗಲಿಲ್ಲ.

ಆರನೇ ವಾರದ ಒಂದು ಮಧ್ಯಾಹ್ನ. ಮಡಿಸುವವರಲ್ಲಿ ಒಬ್ಬಳು ರಜೆ, ಇನ್ನೊಬ್ಬಳು ಊಟಕ್ಕೆ. ಹೋಟೆಲಿನವರಿಂದ ಮೂರು ಸಲ ಫೋನು. ಗಡಿಬಿಡಿ ಗಂಟುಗಳನ್ನು ಹೊತ್ತು ಮನೆಯೊಳಗಿಂದಲೇ ಹಿಂಬಾಗಿಲಿಗೆ ಹೋಗಿ ಬರುತ್ತಿದ್ದ, ಅದು ಹತ್ತಿರದ ದಾರಿ. ನಡುವಿನ ಡ್ರಮ್ಮು ಆಗಷ್ಟೇ ಖಾಲಿಯಾಗಿ, ಬಾಗಿಲು ತೆರೆದುಕೊಂಡು, ಒಳಗಿನ ಬಿಸುಪು ಹೊರಗೆ ಬರುತ್ತಿತ್ತು. ಲಾಂಡ್ರಿಯವಳು ರಾಶಿಬಿದ್ದ ಆಸ್ಪತ್ರೆಯ ಬಟ್ಟೆಗಳತ್ತ ನೋಡಿದಳು. ಸೊಂಟ ಹಿಡಿದಿತ್ತು. ಒಗೆದ ಹಾಸುಗಳನ್ನು ಎರಡೂ ತೋಳಲ್ಲಿ ಬಾಚಿ ತಂದಳು, ತುಂಬಿದಳು, ಮುಚ್ಚಿದಳು, ಒತ್ತಿದಳು. ಡ್ರಮ್ಮು ಗುಡುಗಿತು.

ಮೇಜಿನ ಹತ್ತಿರ ಬಂದು ನಾಲ್ಕನೆಯದೋ ಐದನೆಯದೋ ಟವೆಲ್ಲು ಮಡಿಸುತ್ತಿದ್ದಾಗ ಮಗಳು ಶಾಲೆಯಿಂದ ಬಂದಳು. ಮನೆಯತ್ತ ಹೋದವಳು ಅಲ್ಲೇ ನಿಂತಳು.

"ಅಮ್ಮಾ, ಮಧ್ಯದ ಬಾಗಿಲು ತೆಗೆದಿದೆ. ದೊಡ್ಡಮ್ಮ ಎಲ್ಲಿ?"

"ಅಜ್ಜಿ ಹಾಸಿಗೇಲಿರ್ತಾಳೆ ನೋಡು."

ಮಗಳು ಒಳಗೆ ಇಣುಕಿದಳು.

"ಇಲ್ಲ."

ಲಾಂಡ್ರಿಯವಳ ಕೈ ಟವೆಲ್ಲಿನ ಮೇಲೆ ನಿಂತಿತು. ಆ ಕೈಯ ಬೆರಳಿಗೆ ಬೀಗದ ಕೈಗೊಂಚಲು ಸಿಕ್ಕಿಕೊಂಡಿತ್ತು. ಯಾಕೆ ಕೈಯಲ್ಲಿದೆ ಇದು? ಸೊಂಟದಲ್ಲಿರಬೇಕಾದದ್ದು ಕೈಗೆ ಯಾಕೆ ಬಂತು? ಆಗ ನೆನಪಾಯಿತು. ತಾನು ಹೊಡೆದಿದ್ದಳು. ಸ್ಪ್ಯಾನರ್ ಇಲ್ಲದ ಕೈ ತನ್ನ ಪಾಡಿಗೆ ಸೊಂಟ ತಡಕಿ ಗೊಂಚಲು ಕಿತ್ತುಕೊಂಡು, ಬಾಗಿಲಿಗೆ ಎರಡು ಸಲ ಹೊಡೆದು, ಯಾವುದೂ ಹೊರಗೆ ಹಾರದ್ದನ್ನು ನೋಡಿ ತೃಪ್ತಿಪಟ್ಟಿತ್ತು. ಒಳಗೆ ಕೈ ಹಾಕಿರಲಿಲ್ಲ.

ಕೆಂಪು ಗುಂಡಿ ಒತ್ತಿದಳು. ಹಳೆಯ ಯಂತ್ರ, ನಿಲ್ಲು ಎಂದ ಕೂಡಲೇ ನಿಲ್ಲುವ ಜಾತಿಯದಲ್ಲ. ಸುತ್ತು ಪೂರ್ತಿ ಸತ್ತ ಮೇಲೇ ಅದರ ಬಾಗಿಲಿನ ಕೊಂಡಿ ಬಿಡುವುದು. ಬಾಗಿಲಿನ ಗಾಜಿನ ಕಿಂಡಿಯಲ್ಲಿ ಬಿಳಿ ಹಾಸುಗಳು ಏಳುತ್ತ, ಬೀಳುತ್ತ, ಏಳುತ್ತ. ನಡುವೆ ಬೂದು ಬಣ್ಣದ್ದೇನೋ ಕಂಡಿತು, ಮುಚ್ಚಿಹೋಯಿತು, ಮತ್ತೆ ಕಂಡಿತು.

"ದೊಡ್ಡಮ್ಮಾ! ದೊಡ್ಡಮ್ಮಾ!" ಮಗಳು ಗಾಜಿಗೆ ಎರಡೂ ಅಂಗೈ ಬಡಿಯುತ್ತಿದ್ದಳು. ಕಿವುಡರ ಮುಂದೆ ಕಿನ್ನರಿ ನುಡಿಸಬೇಡ ಎಂದು ತಾನೇ ಎಲ್ಲರಿಗೂ ಪಾಠ ಹೇಳಿದ್ದ ಮಗು, ಈಗ ಗಂಟಲು ಹರಿಯುವಂತೆ ಕೂಗುತ್ತಿತ್ತು. ಬೇರೇನು ತಾನೇ ಮಾಡೀತು? ಲಾಂಡ್ರಿಯವಳು ಹಿಡಿಕೆಗೆ ಜೋತುಬಿದ್ದಳು, ಪಾದ ಒತ್ತಿ ಎಳೆದಳು, ಉಗುರು ಮುರಿಯಿತು. ಎದುರು ಗೋಡೆಯ ಗಡಿಯಾರದ ಮುಳ್ಳನ್ನೇ ನೋಡುತ್ತ, ಅದನ್ನೂ ನಿಲ್ಲಿಸಲಾಗದೆ, ಎಳೆಯುತ್ತಲೇ ಇದ್ದಳು.

ಕೊಂಡಿ ಬಿಟ್ಟಿತು. ಒದ್ದೆ ಹಾಸುಗಳ ಜೊತೆ ದೊಡ್ಡಮ್ಮ ಹೊರಗೆ ಬಿತ್ತು. ಬಾಯಿ ತೆರೆದಿತ್ತು, ನಾಲಗೆ ಹೊರಗಿತ್ತು. ಪಕ್ಕೆ ಏಳುತ್ತಿತ್ತು, ತೀರಾ ಬೇಗ ಬೇಗ.

ಬೀದಿಯಿಂದ ಓಡಿಬಂದ ಗಡಿಬಿಡಿ ವ್ಯಾನಿನಲ್ಲಿದ್ದ ಗಂಟುಗಳನ್ನು ರಸ್ತೆಗೆ ಎಸೆದು ವ್ಯಾನು ತೆಗೆದ. ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡ ಮಗಳು ಮೂರನೇ ತಿರುವಿನಲ್ಲಿ ಬಾಯಿಬಿಟ್ಟಳು.

"ನೀವೇ ಮಾವ. ಎಷ್ಟು ಸಲ ಹೇಳಿದ್ದೆ. ಬಾಗಿಲು ಬಿಟ್ರಿ, ಕೈ ಹಾಕಿ ನೋಡ್ದೇ ಡ್ರಮ್ಮೂ ಹಾಕಿದ್ರಿ. ಅಮ್ಮ ಹಾಗೆ ಮಾಡೋದೇ ಇಲ್ಲ."

ಗಡಿಬಿಡಿ ಕನ್ನಡಿಯಲ್ಲಿ ಲಾಂಡ್ರಿಯವಳನ್ನು ನೋಡಿದ. ಡ್ರಮ್ಮು ಶುರುವಾದಾಗ ಅವನು ಬೀದಿಯಲ್ಲಿದ್ದ, ಇಬ್ಬರಿಗೂ ಗೊತ್ತು. ಲಾಂಡ್ರಿಯವಳು ಕಿಟಕಿಯತ್ತ ತಿರುಗಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಸುಮ್ಮನೆ ಬೆಕ್ಕಿನ ಮೇಲೆ ಅಪವಾದ.

"ಬಾಗಿಲು ನಾನೇ ಬಿಟ್ಟಿದ್ದು ಪುಟ್ಟಿ" ಎಂದ ಅವನು. ಅಷ್ಟಕ್ಕೇ ನಿಲ್ಲಿಸಿದ. ಮಿಕ್ಕದ್ದನ್ನು ಹೇಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಪ್ರಾಣಿಗಳ ಆಸ್ಪತ್ರೆ ಬರುವವರೆಗೂ ಲಾಂಡ್ರಿಯವಳು ಆ ಮೌನದೊಳಗೆ ಮುದುಡಿ ಕೂತಳು. ನಾಳೆ ಹೇಳಿದರಾಯಿತು. ಬದುಕಿದರೆ ಹೇಳಿದರಾಯಿತು. ಬದುಕಿದರೆ ಹೇಳುವ ಅಗತ್ಯವಾದರೂ ಏನಿದೆ?

ದೊಡ್ಡಮ್ಮನನ್ನು ಒಳಗೆ ಒಯ್ದರು. ಮೂವರೂ ಬೆಂಚಿನ ಮೇಲೆ. ಎರಡು ನಿಮಿಷಕ್ಕೆಲ್ಲ ನರ್ಸು ಬಾಗಿಲು ತೆರೆದಳು, ಕೈಯಲ್ಲಿ ಚೀಟಿ.

"ಎಷ್ಟು ಹೊತ್ತು ಒಳಗಿತ್ತು? ಬಿಸಿ ಎಷ್ಟಕ್ಕೆ ಇಟ್ಟಿದ್ರಿ? ಸರಿಯಾಗಿ ಹೇಳ್ಬೇಕು, ಎಷ್ಟು ಬೇಗ ತಣಿಸ್ಬೇಕು ಅನ್ನೋದು ಅದರ ಮೇಲೆ. ಯಂತ್ರ ಹಾಕಿದ್ದು ಯಾರು?"

"ಇವ್ರು" ಎಂದಳು ಮಗಳು ಗಡಿಬಿಡಿಯತ್ತ ಕೈ ತೋರಿಸಿ.

ಗಡಿಬಿಡಿ ಎದ್ದು ನಿಂತ. ಬಾಯಿ ತೆರೆದ. ಅವನಿಗೆ ಏನು ಗೊತ್ತು? ತಪ್ಪನ್ನು ಬೇಕಾದರೆ ಹೊತ್ತುಕೊಂಡಾನು, ನಿಮಿಷಗಳನ್ನು ಎಲ್ಲಿಂದ ತಂದಾನು? "ಒಂದ್... ಐದು ನಿಮಿಷ ಇರಬಹುದು" ಎಂದ.

ನರ್ಸು ಐದು ಎಂದು ಬರೆಯತೊಡಗಿದಳು.

"ಅಲ್ಲ" ಎಂದಳು ಲಾಂಡ್ರಿಯವಳು. "ಹಾಕಿದ್ದು ನಾನು. ಐದಲ್ಲ. ನಾಲ್ಕು ಟವೆಲ್ಲು ಮಡಿಸೋ ಹೊತ್ತು, ಒಂದು ನಿಮಿಷ. ನಿಲ್ಲೋಕೆ, ಕೊಂಡಿ ಬಿಡೋಕೆ ಇನ್ನೊಂದೂವರೆ. ಬಿಸಿ ಎಪ್ಪತ್ತು, ಆಸ್ಪತ್ರೆ ಬಟ್ಟೇದು, ಇನ್ನೂ ಏರ್ತಾ ಇತ್ತು. ಹಾಸು ಒದ್ದೆ. ಹತ್ತು ಹಾಸು."

ನರ್ಸು ಐದನ್ನು ಹೊಡೆದು ಬರೆದುಕೊಂಡಳು. "ಯಾರಾದ್ರೂ ಒಬ್ಬರು ಒಳಗೆ ಬನ್ನಿ, ಹಿಡ್ಕೊಳ್ಳೋಕೆ. ಗೊತ್ತಿರೋರ ವಾಸನೆ ಬೇಕು ಅದಕ್ಕೆ."

ಲಾಂಡ್ರಿಯವಳು ಅರ್ಧ ಎದ್ದಳು. ಮಗಳು ಅವಳನ್ನೇ ನೋಡುತ್ತಿದ್ದಳು.

"ಕೈ ಹಾಕಿ ನೋಡ್ಲಿಲ್ವಾ?"

"ಇಲ್ಲ ಪುಟ್ಟಿ."

"ವ್ಯಾನಲ್ಲಿ ಯಾಕೆ ಹೇಳ್ಲಿಲ್ಲ?"

ಮಗಳು ಚೀಲವನ್ನು ಬೆಂಚಿನ ಮೇಲಿಟ್ಟು, ನರ್ಸಿನ ಹಿಂದೆ ಹೋದಳು. ಬಾಗಿಲು ಮುಚ್ಚಿತು.

ಗಡಿಬಿಡಿ ಜೇಬಿನಿಂದ ಫೋನು ತೆಗೆದ. "ಹೋಟೆಲಿಗೆ ಫೋನ್ ಮಾಡ್ಲಾ ಅಕ್ಕಾ?" ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮಂಡಿಯ ಮೇಲೆ ಒದ್ದೆಯಾದ ಬೂದು ಕೂದಲು ಅಂಟಿತ್ತು, ಒರೆಸಿಕೊಳ್ಳಲೂ ಭಯವಾಯಿತು.

ಬಾಗಿಲು ಒಂದು ಗೇಣು ತೆರೆಯಿತು. ಮಗಳ ಮುಖ.

"ಉಸಿರಾಡ್ತಿದ್ದಾಳೆ. ರಾತ್ರಿ ದಾಟಬೇಕಂತೆ." ಸ್ವಲ್ಪ ತಡೆದಳು. "ನೀನು ಬರಬೇಡ ಅಮ್ಮಾ. ಈಗ ಬೇಡ."

"ಆಯ್ತು" ಎಂದಳು ಲಾಂಡ್ರಿಯವಳು, ಬೆಂಚಿನಿಂದ ಕದಲದೆ. "ನಾನಿಲ್ಲೇ ಇರ್ತೀನಿ."