ಕೂತೇ ನಿದ್ದೆ ಮಾಡುವ ಮಗಳು

ಚೊಚ್ಚಲ ಹೆರಿಗೆಗೆಂದು ಕಾಸಾರಶಿರಸಿಯ ತವರಿಗೆ ಬಂದ ಸುಗಂಧಾ ಒಂದು ದಿನವೂ ಹಾಸಿಗೆಗೆ ಬೆನ್ನು ಹಚ್ಚಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಆತು ಕೂತೇ ಕಣ್ಣು ಮುಚ್ಚುತ್ತಿದ್ದಳು. ತಾಯಿಯಿಲ್ಲದ ಆ ಮನೆ ನಡೆಸುತ್ತಿದ್ದವಳು ಸೋದರತ್ತೆ ರಂಭಾಬಾಯಿ. ಅವಳಿಗೆ ಇದನ್ನು ನೋಡಲಾಗುತ್ತಿರಲಿಲ್ಲ. ಲಿಂಗವಂತರಲ್ಲಿ ಹಾಗೆ ಗೋಡೆಗೆ ಆನಿಸಿ ಕೂರಿಸುವುದು ಸತ್ತವರನ್ನು. ವಿಭೂತಿ ಹಚ್ಚಿ, ಹೂವು ಹಾಕಿ, ಮುಂದೆ ಭಜನೆ ಮಾಡಿ, ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಬಸುರಿ ಹೆಂಗಸು ಹಾಗೆ ಕೂರುವುದೆಂದರೇನು?

ಸುಗಂಧಾಳ ತಂದೆ ಬಕ್ಕಪ್ಪನ ಸಿಟ್ಟು ಊರಿಗೇ ಗೊತ್ತು. ಮಗಳಿಗೆ ಮೈಗಳ್ಳಿ ಎಂದು ಮೊದಲು ಬೈದವನು ಅವನೇ. ಆದರೆ ಅವಳ ತುಟಿ ನೀಲಿಗಟ್ಟಿದ್ದು ಕಂಡ ದಿನ ಬಾಯಿ ಮುಚ್ಚಿಕೊಂಡು ಗಾಡಿ ಕಟ್ಟಿದ. ನಿಲಂಗಾದಿಂದ ಬಸ್ಸು ಹಿಡಿದು ಉದಗೀರಿನ ಡಾಕ್ಟರ್ ದಿಗಂಬರರಾಯರ ಹತ್ತಿರ ಕರೆದೊಯ್ದ.

ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದಿತ್ತೇ ಎಂದು ಡಾಕ್ಟರು ಕೇಳಿದರು. ಬಂದಿತ್ತು. ರಜಾಕಾರರ ಗದ್ದಲದ ವರ್ಷ, ಮನೆ ಬಿಟ್ಟು ಹೊಲದಲ್ಲಿ ಅಡಗಿದ್ದಾಗ. ಬಾವು ಇಳಿಯಿತು, ಬಿಟ್ಟರು. ಆ ಜ್ವರ ಮೊಣಕಾಲು ಬಿಟ್ಟು ಎದೆ ಹೊಕ್ಕಿದೆ ಎಂದರು ಡಾಕ್ಟರು. ಆಕಳಿಗೂ ಆಡಿಗೂ ನಮಗೂ ಹೃದಯದ ಕಟ್ಟು ಒಂದೇ, ಮೇಲೆ ಎರಡು ಕೋಣೆ, ಕೆಳಗೆ ಎರಡು. ಮೈಯಿಂದ ತಿರುಗಿ ಬಂದ ಕಪ್ಪು ರಕ್ತವನ್ನು ಬಲಮಗ್ಗುಲು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಗಾಳಿ ಕೂಡಿ ಕೆಂಪಾದ ರಕ್ತ ಎಡಮಗ್ಗುಲಿಗೆ ಬರುತ್ತದೆ, ಎಡಗಡೆಯ ಕೆಳಕೋಣೆ ಅದನ್ನು ಮೈಗೆಲ್ಲ ಒತ್ತುತ್ತದೆ. ನಡುವೆ ತೆಳ್ಳನೆಯ ಕದಗಳಿವೆ, ಒಂದೇ ಕಡೆ ತೆರೆಯುವಂಥವು. ಇವಳ ಎಡಗಡೆಯ ಕದ ದಪ್ಪಗಾಗಿ ಅಂಟಿಕೊಂಡಿದೆ.

ಬಕ್ಕಪ್ಪ ಕೇಳಿದ. “ಕಂಬಾರನ ತಿದಿಯೊಳಗ ತೊಗಲಿನ ಮುಚ್ಚಳ ಇರ್ತದಲ್ರಿ, ಹಂಗ?”

“ಹಂಗೇ.”

“ತೊಗಲು ಬಿರುಸಾದ್ರ ಅಂವಾ ಎಣ್ಣಿ ಹಚ್ಚತಾನ. ಇದಕ್ಕ ಏನ್ ಹಚ್ಚೂದ್ರಿ?”

ಡಾಕ್ಟರು ತಲೆಯಾಡಿಸಿದರು. ಹಚ್ಚುವುದೇನೂ ಇಲ್ಲ. ಹೆರಿಗೆ ಸಸೂತ್ರವಾದರೆ ಮುಂಬೈಗೆ ಒಯ್ಯಬೇಕು, ಅಲ್ಲಿ ಆ ಕದ ಬಿಡಿಸುತ್ತಾರಂತೆ. ಅಲ್ಲಿಯವರೆಗೆ ಉಪ್ಪು ಬೇಡ, ಕೆಲಸ ಬೇಡ, ಅಡ್ಡ ಮಲಗಿಸುವುದಂತೂ ಬೇಡವೇ ಬೇಡ. ಮಲಗಿದರೆ ಕಾಲಿನ ರಕ್ತವೂ ಎದೆಗೆ ನುಗ್ಗುತ್ತದೆ, ಕದ ದಾಟಲಾರದೆ ಹಿಂದಕ್ಕೆ ಸರಿದು ಶ್ವಾಸಕೋಶ ತುಂಬುತ್ತದೆ.

ಬಕ್ಕಪ್ಪ ಊರಿಗೆ ಬಂದು ಒಂದು ಜೋಳದ ಚೀಲವನ್ನು ಗೋಡೆಗೆ ಒಡ್ಡಿ, ಮೇಲೆ ಕೌದಿ ಹಾಸಿ, ಮಗಳಿಗೆ ಒರಗು ಮಾಡಿಕೊಟ್ಟ. ಬೇಡವೆಂದ ಅಕ್ಕನ ಮೇಲೆ ಹರಿಹಾಯ್ದ. ಸುಗಂಧಾ ಒಂದೂವರೆ ತಿಂಗಳು ಅಲ್ಲೇ ಕೂತು ನಿದ್ದೆ ಮಾಡಿದಳು. ತಲೆ ತಾಗುವಲ್ಲಿ ಗೋಡೆಗೆ ಎಣ್ಣೆಯ ಕಲೆಯಾಯಿತು.

ಎಂಟನೆಯ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗೆ ಇಷ್ಟಲಿಂಗ ಕೊಡುವ ಶಾಸ್ತ್ರ. ಮಠದ ಅಯ್ಯನವರು ಬಂದು, ಅವಳ ಕೊರಳಲ್ಲಿ ಅವಳ ಲಿಂಗದ ಜೊತೆಗೆ ಕೂಸಿನದನ್ನೂ ಕಟ್ಟಿ ಹೋದರು. ದಣಿದ ಸುಗಂಧಾ ಹಣೆಯ ತುಂಬ ವಿಭೂತಿ, ಮುಡಿಯ ತುಂಬ ಹೂವು ಹಾಗೇ ಇರುವಾಗ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಆಗಲೇ ಊಟಕ್ಕೆಂದು ಒಳಗೆ ಬಂದ ಬೀಗರ ಹೆಂಗಸರು ಹೊಸ್ತಿಲಲ್ಲೇ ನಿಂತು ಬಾಯಿಗೆ ಸೆರಗು ಹಚ್ಚಿದರು.

ರಂಭಾಬಾಯಿ ತಮ್ಮನನ್ನು ಮೂಲೆಗೆ ಕರೆದಳು. “ಜೀವಂತ ಇದ್ದಾಕಿನ್ನ ಹೆಣದಂಗ ಶೃಂಗಾರ ಮಾಡಿ ಕುಂದರಸೀದಿ. ಬೀಗರು ಏನಂದಾರು?”

ಬಕ್ಕಪ್ಪನ ಮುಖ ಉರಿಯಿತು. ಡಾಕ್ಟರ ಮಾತು ನೆನಪಿತ್ತು, ಇರಲಿಲ್ಲವೆಂದಲ್ಲ. ಬಾಗಿಲಲ್ಲಿ ನಿಂತವರ ಕಣ್ಣುಗಳು ಅದಕ್ಕಿಂತ ಹತ್ತಿರವಿದ್ದವು. ಒಳಕೋಣೆಯಲ್ಲಿ ಹಾಸಿಗೆ ಬಿಡಿಸಿದ.

“ಜರಾ ಅಡ್ಡಾಗವ್ವಾ. ಮಂದಿ ಉಂಡು ಏಳೂತನ.”

ಸುಗಂಧಾ ತಂದೆಯ ಮುಖ ನೋಡಿದಳು. “ಅವರು ಎದ್ದಕೂಡ್ಲೇ ಎಬ್ಬಸ್ತಿ ಇಲ್ಲಪ್ಪಾ?”

“ಎಬ್ಬಸ್ತೀನಿ.”

ಹೊರಗೆ ಹೋಳಿಗೆ ಎರಡನೆಯ ಸಲ ಬಡಿಸಿದರು. ಬೀಗರು ಬೇಡವೆಂದರೂ ಬಕ್ಕಪ್ಪ ತಾನೇ ಬಗ್ಗಿ ತುಪ್ಪ ಸುರಿದ. ಒಳಗಿನಿಂದ ಕೆಮ್ಮು ಕೇಳಿಸಿತು, ಸೆರಗಿನಲ್ಲಿ ಅದುಮಿಟ್ಟ ಕೆಮ್ಮು. ಇನ್ನೊಂದು ಸಾಲಿಗೆ ಬಡಿಸುವುದಷ್ಟೇ ಎಂದುಕೊಂಡ.

ಅವನು ಒಳಗೆ ಹೋದಾಗ ಅವಳು ಒಂದು ಮೊಣಕೈ ಊರಿ ಅರ್ಧ ಎದ್ದಂತೆಯೇ ಹಾಸಿಗೆಯ ಅಂಚಿಗೆ ವಾಲಿದ್ದಳು. ಬಾಯಲ್ಲಿ ಕೆಂಪು ನೊರೆ. ಎದೆಯ ಮೇಲೆ ಎರಡು ಲಿಂಗ. ಬಕ್ಕಪ್ಪ ಎದೆಗೂ ಹೊಟ್ಟೆಗೂ ಕಿವಿ ಹಚ್ಚಿದ. ಎರಡೂ ಜೀವ ಸುಮ್ಮನಿದ್ದವು.

ಕೂರಿಸಲು ನಾಲ್ಕು ಜನ ಬಂದರು. ಬಕ್ಕಪ್ಪ ಅವರ ಕೈ ತಳ್ಳಿ, ತಾನೇ ಮಗಳನ್ನು ಎತ್ತಿ ತಂದು ಜೋಳದ ಚೀಲಕ್ಕೆ ಒರಗಿಸಿದ. ಗೋಡೆಯ ಎಣ್ಣೆಯ ಕಲೆಗೆ ತಲೆ ಸರಿಯಾಗಿ ಹೊಂದಿತು. ರಂಭಾಬಾಯಿ ವಿಭೂತಿ ತಂದಿಟ್ಟಳು. ಬೀಗರ ಹೆಂಗಸರೂ ಎದುರಿಗೇ ಕೂತರು.

ಈಗ ಅವಳು ಕೂತದ್ದಕ್ಕೆ ಯಾರೂ ಏನೂ ಅನ್ನಲಿಲ್ಲ.