ಉದುರಿದ ಬಣ್ಣ

೨೦೨೪ರ ಮೇ ೧೪, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ, ಪರದೆಯ ಮೂಲೆಯಲ್ಲಿ ಗಡಿಯಾರ, ಅದರ ಕೆಳಗೆ ಹೆಜ್ಜೆ ಹನ್ನೆರಡು, ಸೋದರತ್ತೆಯ ಚಿತ್ರಗಳನ್ನು ನೋಡಿ ಕಲಿತ ಯಂತ್ರ ತಾನೇ ಬರೆಯುತ್ತಿದೆ, ನಲವತ್ತು ಹೆಜ್ಜೆಗೆ ಚಿತ್ರ ಮುಗಿಯುತ್ತದೆ, ಸದ್ಯಕ್ಕೆ ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಬರೀ ಬೂದಿಯ ಗಾಳಿ, ಅದರೊಳಗಿಂದ ಅತ್ತೆಯ ಕೆಂಪು ಮೆಲ್ಲಗೆ ಮೇಲೇಳುತ್ತಿತ್ತು — ಆ ಕೆಂಪು ಪಾಠ ಹೇಳಲು ನಿಂತ ಕೊರಾಲಿಗೆ ಕಣ್ಣು ಮುಚ್ಚಿದರೂ ಗೊತ್ತು, ಅತ್ತೆ ಕೆಂಪಿಗೆ ಒಂದೇ ತೊಟ್ಟು ಕಪ್ಪು ಬಿಟ್ಟು ಬೆರಳಲ್ಲೇ ಕಲಸುತ್ತಾಳೆ, ನೆಲದಲ್ಲಿ ಕೂತು, ನಾಯಿಯ ಬೆನ್ನಿಗೆ ಒರಗಿ. ಮರಳುಗಾಡಿನ ಮೂಲನಿವಾಸಿಗಳ ಚಿತ್ರಶಾಲೆ, ಅದರ ತಗಡಿನ ಸೂರು ಬಿಸಿಲಿಗೆ ಟಕ್ಕೆಂದಿತು. ಬಣ್ಣದ ಡಬ್ಬಗಳ ನಡುವೆ ಒಂಬತ್ತು ಹುಡುಗ ಹುಡುಗಿಯರು, ಬೋರ್ಡಿನ ಮೇಲೆ ಕೊರಾಲಿಯೇ ಬರೆದ ಇವತ್ತಿನ ಪಾಠ, ಕನಸು ಯಾರದು, ಅದರಲ್ಲಿ ಏನು ತೋರಿಸಬಹುದು ಏನು ಮುಚ್ಚಿಡಬೇಕು ಎಂದು ಕಾಯುವವರು ಯಾರು, ಇಬ್ಬರನ್ನೂ ಕೇಳದೆ ಯಂತ್ರಕ್ಕೆ ಏನನ್ನೂ ಉಣಿಸಬಾರದು, ಇಬ್ಬರನ್ನೂ ಎಂಬುದರ ಕೆಳಗೆ ಎರಡು ಗೆರೆ, ಎಳೆಯುವಾಗ ಭಾವ ಬಂದಿರಲಿಲ್ಲ, ಈಗ ಬಂದಿದ್ದಾನೆ, ಅತ್ತೆಯ ಮಗ ಡೆಸ್ಮಂಡ್, ಮೂರು ತಿಂಗಳು ದನ ಒಟ್ಟುಗೂಡಿಸುವ ಕೆಲಸ ಮುಗಿಸಿ ನೇರವಾಗಿ ಲಾರಿಯಿಂದ ಇಳಿದವನು, ಮೈತುಂಬ ಕೆಂಧೂಳು, ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದಾನೆ. ಏನಮ್ಮಾ ಮೇಷ್ಟ್ರಮ್ಮಾ, ನಮ್ ಕಪ್ಪು ಜನದ ಕನಸು ನಿನ್ ಡಬ್ಬಿಗೂ ಬೀಳುತ್ತಾ? ಬೀಳುತ್ತೆ ಭಾವ, ನಿನ್ ಹಾಗೆ ಗೊರಕೆ ಮಾತ್ರ ಹೊಡೆಯಲ್ಲ. ಮಕ್ಕಳೆಲ್ಲ ಹೋ ಎಂದರು. ಅವಳೂ ನಕ್ಕಳು, ಚಿಕ್ಕಂದಿನಿಂದ ಅವರಿಬ್ಬರ ಬಾಯಿ ಹೀಗೇ, ಆದರೆ ಕಣ್ಣು ಪರದೆಯ ಎಡ ಕೆಳಮೂಲೆಗೆ ಹೋಯಿತು, ಹೆಜ್ಜೆ ಹದಿನೇಳು, ಹದಿನೆಂಟು, ಅಲ್ಲಿ ಖಾಲಿ ಇರಬೇಕಿತ್ತು.

ಖಾಲಿ ಇರಬೇಕಿತ್ತು, ಗೋಡೆಗೆ ಒರಗಿಸಿಟ್ಟ ನಿಜವಾದ ಕ್ಯಾನ್ವಾಸಿನಲ್ಲಿ ಖಾಲಿಯೇ ಇದೆ, ಒರತೆಯ ಪಕ್ಕ ಅಂಗೈಯಷ್ಟು ಬರಿಯ ಬಟ್ಟೆ, ಸುತ್ತ ಸಾವಿರಾರು ಚುಕ್ಕಿ, ನಡುವೆ ಏನೂ ಇಲ್ಲ. ಹಿಂದಿನ ಕಾಲದ ಅಜ್ಜಿಯರು ಮರದ ಹರಿವಾಣ ತಲೆಯ ಮೇಲಿಟ್ಟುಕೊಂಡು ಒರತೆಗೆ ಬಂದರಂತೆ, ಅತ್ತೆ ಕನಸಿನಲ್ಲಿ ಅವರ ಹಿಂದೆ ನಡೆದಳಂತೆ, ಬೆಳಗಾದ ಮೇಲೆ ಬರೆದಳು. ಅತ್ತೆ, ಇಲ್ಲೇನೂ ಬರೆದಿಲ್ಲ ಯಾಕೆ? ಎಂದು ಪಟ್ಟಿ ಮಾಡುವಾಗ ಕೊರಾಲಿ ಕೇಳಿದ್ದಳು. ಅದನ್ನ ನನ್ನ ಕೇಳ್ಬೇಡ ಕಣೇ, ನಿನ್ ಭಾವನ್ನ ಕೇಳು, ಬರೆಯೋಳು ನಾನು, ಕಾಯೋನು ಅವ್ನು. ಆಗ ಭಾವ ನಾನೂರು ಕಿಲೋಮೀಟರ್ ಆಚೆ, ಫೋನು ಸಿಗದ ಕಡೆ, ಯಂತ್ರಕ್ಕೆ ಉಣಿಸುವ ಪಟ್ಟಿ ಕಳಿಸಲು ಎರಡೇ ದಿನ ಬಾಕಿ, ಇನ್ನೂರ ಹನ್ನೆರಡು ಚಿತ್ರಗಳ ಪಟ್ಟಿ, ಅಳತೆ, ವರ್ಷ, ಚಿತ್ರದ ಸ್ಥಿತಿ, ಅತ್ತೆಯ ಸಹಿ ಬಿದ್ದಿತ್ತು, ಒಂದು ಸಹಿ ಸಾಕು ಎಂದುಕೊಂಡಿದ್ದಳು — ಕಾಲೇಜಿನಲ್ಲಿ ಅಳೆಯಲು ಕಲಿತವಳು, ಸ್ಕೇಲು ಇಟ್ಟು ಆ ಖಾಲಿಯನ್ನೂ ಅಳೆದಳು, ಅದೇನೆಂದು ತುಂಬುವ ಅಂಕಣವನ್ನು ಮಾತ್ರ ಖಾಲಿ ಬಿಡಲು ಕಂಪ್ಯೂಟರು ಒಪ್ಪಲಿಲ್ಲ, ಕೆಂಪು ಅಕ್ಷರದಲ್ಲಿ ಮತ್ತೆ ಮತ್ತೆ ಕೇಳಿತು, ನಾಲ್ಕನೆಯ ಸಲಕ್ಕೆ ಅವಳು ಹೊಡೆದಳು: ಬಣ್ಣ ಉದುರಿದೆ. ಎರಡೇ ಪದ. ಉದುರಿದ ಕಡೆ ಅತ್ತೆಯ ಕೈಯಂತೆ ತುಂಬು ಎಂದು ಯಂತ್ರಕ್ಕೆ ಕಲಿಸಿದವಳೂ ಅವಳೇ, ಇಪ್ಪತ್ತಮೂರು, ಇಪ್ಪತ್ತನಾಲ್ಕು, ಅದು ಹೇಳಿದ ಮಾತು ಕೇಳುತ್ತಿದೆ, ವಿಧೇಯ ಶಿಷ್ಯ, ಬೂದಿಯೊಳಗೆ ಬಿಳಿ ಚುಕ್ಕಿಗಳು ಸಾಲು ಹಿಡಿಯುತ್ತಿವೆ.

ಮಿಸ್, ಚೆನ್ನಾಗ್ ಬರ್ತಿದೆ, ನಿಮ್ ಅತ್ತೆಗಿಂತ ಬೇಗ ಬರೆಯುತ್ತಲ್ಲ ಇದು, ಎಂದಳು ಮುಂದಿನ ಸಾಲಿನ ಟಾರ್ನಿ. ಸುಮ್ನಿರೇ ಎಂದಿತು ಹಿಂದಿನಿಂದ ಒಂದು ದನಿ, ಭಾವನದು, ಅದರಲ್ಲಿ ನಗು ಇರಲಿಲ್ಲ. ಅವನು ಚಾಚಿದ ಕಾಲು ಮಡಿಸಿಕೊಂಡಿದ್ದಾನೆ. ಯಂತ್ರಕ್ಕೇನು ಗೊತ್ತು, ಊಹೆಯಷ್ಟೆ, ಆದರೆ ಇನ್ನೂರ ಹನ್ನೆರಡು ಚಿತ್ರ ನೋಡಿದ ಊಹೆ, ಅತ್ತೆ ಒಂದೊಂದರಲ್ಲಿ ಒಂದೊಂದು ಚೂರು ಬಿಟ್ಟು ಹೋದದ್ದನ್ನೆಲ್ಲ ಕೂಡಿಸಿದರೆ — ಸುಳ್ಳು ಬಂದರೆ ಅಳಿಸಬಹುದು, ನಿಜವೇ ಬಂದರೆ? ಮುಚ್ಚಿಟ್ಟದ್ದನ್ನು ನೋಡಬಾರದ ಒಂಬತ್ತು ಜೊತೆ ಕಣ್ಣು. ಕಾಯುವವನು ಬೇಡವೆಂದರೆ ಕನಸಿಗೆ ಬಾಗಿಲು ಹಾಕಿದಂತೆಯೇ, ಅವಳ ಚಿಕ್ಕಪ್ಪ ಒಮ್ಮೆ ಕಾಯುವವನನ್ನು ಕೇಳದೆ ಬರೆದು, ಆ ತಪ್ಪಿಗೆ ಆರು ವರ್ಷ ಕುಂಚ ಮುಟ್ಟಲಿಲ್ಲ, ಒಲೆಯ ಮುಂದೆ ಕೂತು ಚಹಾ ಕುದಿಸುತ್ತಿದ್ದ, ಕುದಿಸಿ ಚೆಲ್ಲುತ್ತಿದ್ದ, ಈಗ ಸಹಿ ಹಾಕಿದವಳು ಅತ್ತೆ, ಅತ್ತೆಗೆ ಎಪ್ಪತ್ತಾರು, ಅತ್ತೆಗೆ ಆರು ವರ್ಷ ಎಲ್ಲಿದೆ. ಮೂವತ್ತು. ವಯರು ಕಿತ್ತರೆ ಯಾಕೆಂದು ಕೇಳುತ್ತಾರೆ, ಹೇಳಬೇಕು, ಬೋರ್ಡಿನ ಮುಂದೆಯೇ ನಿಂತು. ಕೀಳದಿದ್ದರೆ ಬೇರೆಯವರು ಹೇಳುತ್ತಾರೆ. ಮೂವತ್ತೊಂದು, ಚುಕ್ಕಿಗಳು ಬಾಗಿ ಒಂದನ್ನೊಂದು ಮುಟ್ಟಲಿವೆ, ಅಂಗೈಯಷ್ಟು ಜಾಗ ತುಂಬುತ್ತಿದೆ, ಅವಳ ಕೈ ತಾನಾಗಿಯೇ ಗೋಡೆಗೆ ಹೋಯಿತು.

ಪರದೆ ಕತ್ತಲು. ಅಯ್ಯೋ ಕರೆಂಟ್ ಹೋಯ್ತಾ? ಕರೆಂಟ್ ಹೋಗಿಲ್ಲ ಟಾರ್ನಿ, ನಿಮ್ ಮೇಷ್ಟ್ರಮ್ಮ ಕಿತ್ತಳು, ಭಾವ ಎದ್ದು ಬರುತ್ತಿದ್ದಾನೆ, ಬೂಟು ಸಿಮೆಂಟಿನ ಮೇಲೆ ಒಂದು, ಎರಡು, ಯಾರ್ ಹೇಳ್ಕೊಟ್ರು ಅದಕ್ಕೆ? ಯಾರೂ ಇಲ್ಲ ಭಾವ. ನಾನೇ. ಉದುರಿದೆ ಅಂತ ಬರೆದೆ. ನಿನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ. ಒಂಬತ್ತು ತಲೆಗಳು ಬೋರ್ಡಿನ ಕಡೆ ತಿರುಗಿದವು, ಆ ಎರಡು ಗೆರೆಗಳ ಕಡೆ. ಅವನು ಬೈಯಲಿಲ್ಲ, ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು. ಕ್ಯಾನ್ವಾಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಗೈ ಚಾಚಿ ಆ ಬರಿಯ ಬಟ್ಟೆಯ ಮೇಲಿಟ್ಟ, ಪೂರ್ತಿ ಮುಚ್ಚಿತು, ಅವನ ಅಂಗೈಯ ಅಳತೆ ತೆಗೆದೇ ಖಾಲಿ ಬಿಟ್ಟ ಹಾಗೆ. ಅಮ್ಮಂಗೆ ನೀನೇ ಹೇಳು, ಎಂದ, ಕುಂಚ ತೊಳೆದಿಡೋಕೆ, ಇನ್ನು ಬರೆಯೋ ಹಾಗಿಲ್ಲ ಅಂತ. ಹೊರಗೆ ಅತ್ತೆಯ ನಾಯಿ ಬೊಗಳುತ್ತಿದೆ, ಅತ್ತೆ ಬರುತ್ತಿರಬೇಕು, ಹೊಸ ಕ್ಯಾನ್ವಾಸು ಕೇಳಲು, ಇವತ್ತು ಕೊಡುತ್ತೇನೆ ಎಂದು ಕೊರಾಲಿಯೇ ಹೇಳಿದ್ದಳು, ಕಡತ ಅಳಿಸಬಹುದು, ಯಂತ್ರವನ್ನೇ ಅಳಿಸಬಹುದು, ಮೂವತ್ತೊಂದನೆಯ ಹೆಜ್ಜೆಯನ್ನು ಕಣ್ಣಿನಿಂದ ಹೇಗೆ — ಅವನ ಕೈ ಇನ್ನೂ ಅಲ್ಲೇ ಇದೆ, ಬೆರಳ ಸಂದಿಯಲ್ಲಿ ಬರಿಯ ಬಟ್ಟೆ, ಬರಿಯ ಬಟ್ಟೆ, ಅಗಲ ಹನ್ನೊಂದು ಸೆಂಟಿಮೀಟರ್, ಎತ್ತರ ಏಳು.