ಸೊಂಟದ ಗಂಟಿನ ಫ್ಯೂಸ್

ಒಕೆಜಿಯೆ ಜನರೇಟರಿನ ಹಗ್ಗವನ್ನು ಎರಡನೇ ಸಲ ಎಳೆದ. ಅದು ಕೆಮ್ಮಿ ಸುಮ್ಮನಾಯಿತು. ಅದರಿಂದ ಹೊರಟ ವೈರು ಕಿಟಕಿಯೊಳಗೆ ನುಗ್ಗಿ, ಅಮ್ಮನ ಶವಪೆಟ್ಟಿಗೆ ಇಟ್ಟಿದ್ದ ಹಜಾರದ ಗೋಡೆಯ ಸಾಕೆಟ್ಟಿಗೆ ಸೇರಿತ್ತು. ವೈರಿನ ಎರಡೂ ತುದಿಗೆ ಪ್ಲಗ್ಗು.

"ದೆದೆ, ನಿಲ್ಸು!" ತಂಗಿ ಎಜಿನ್ನೆ ಅಣ್ಣನನ್ನು ಕೂಗುತ್ತ ಓಡಿಬಂದಳು. "ಕಂಬದ ಮೇಲೆ ಮನುಷ್ಯ ಇದಾನೆ!"

ಬೆಳಗಿನಿಂದ ಉಮುಆಹಿಯಾ ಪಟ್ಟಣದ ಆ ಬೀದಿಗೇ ಕರೆಂಟಿರಲಿಲ್ಲ. ಲೈನ್‌ಮನ್ ನ್ದುಕ್ವೆ ಕಂಬಕ್ಕೆ ಸೊಂಟಪಟ್ಟಿ ಬಿಗಿದುಕೊಂಡು ತಂತಿ ಜೋಡಿಸುತ್ತಿದ್ದ.

"ಶುರುವಾಯ್ತು! ಅಮ್ಮ ಹೋದ್ಲು, ಅವಳ ಪುಕ್ಕಲುತನ ನಿನ್ ಮೈಮೇಲೆ ಬಂತು," ಎಂದು ಅಣ್ಣ ಬೆವರು ಒರೆಸಿಕೊಂಡ. "ಮೀಟರಿನ ಫ್ಯೂಸ್ ನಿನ್ ಹತ್ರಾನೇ ಇದೆಯಲ್ಲೇ. ಫ್ಯೂಸ್ ಇಲ್ದೆ ಈ ಕರೆಂಟು ಬೀದಿಗೆ ಹೆಂಗೆ ಹೋಗತ್ತೆ, ಹಾರ್ಕೊಂಡಾ?"

ಎಜಿನ್ನೆ ಸೊಂಟ ಮುಟ್ಟಿ ನೋಡಿಕೊಂಡಳು. ಸುತ್ತುಬಟ್ಟೆಯ ಗಂಟಿನಲ್ಲಿ ಪಿಂಗಾಣಿಯ ಫ್ಯೂಸ್ ಇತ್ತು. ಆಸ್ಪತ್ರೆಯವರು ಅಮ್ಮನ ಬಟ್ಟೆ ಮರಳಿಸಿದಾಗ ಅದರ ಗಂಟಿನಲ್ಲಿ ಸಿಕ್ಕಿದ್ದು. ಅಂದಿನಿಂದ ಇವಳ ಸೊಂಟದಲ್ಲೇ ಇದೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

*

ಅಮ್ಮ ಅದೇ ಕಂಬದ ಬುಡದಲ್ಲಿ ಅಲಸಂದೆ ವಡೆ ಕರಿದು ಮಾರುತ್ತಿದ್ದಳು. ಒಂದು ಬೆಳಿಗ್ಗೆ ಲೈನ್‌ಮನ್ನೊಬ್ಬ ಎರಡು ವಡೆ ತಿಂದು ಎದ್ದ. "ಮಿಕ್ಕಿದ್ದು ಮುಚ್ಚಿಡು ತಾಯಿ, ಇಳಿದ್‌ಬಂದು ತಿಂತೀನಿ."

ಯಾರದೋ ಮನೆಯಲ್ಲಿ ಜನರೇಟರು ಗುಡುಗಿತು, ಅದರ ಕರೆಂಟು ಮೀಟರು ದಾಟಿ ಕಂಬದ ತಂತಿಗೆ ಹರಿಯಿತು. ಅವನು ಇಳಿದು ಬರಲಿಲ್ಲ, ಇಳಿಸಿದರು. ಅಮ್ಮ ಸಂಜೆಯವರೆಗೂ ಆ ತಟ್ಟೆಯ ಮುಚ್ಚಳ ತೆಗೆಯಲಿಲ್ಲ.

ಆಮೇಲೆ ಫ್ಯೂಸಮ್ಮ ಹುಟ್ಟಿದ್ದು. ಅಮ್ಮನಿಗೆ ಬೀದಿಯವರಿಟ್ಟ ಹೆಸರು ಅದು. ಮನೆಯಲ್ಲಿ ಮದುವೆಯಿರಲಿ, ನಾಮಕರಣವಿರಲಿ, ಮೀಟರಿನ ಫ್ಯೂಸ್ ಕಿತ್ತು ತನ್ನ ಗಂಟಿಗೆ ಸೇರಿಸುವ ತನಕ ಜನರೇಟರಿಗೆ ಯಾರೂ ಕೈಹಚ್ಚುವಂತಿರಲಿಲ್ಲ. ನೆಂಟರೆಲ್ಲ ಕತ್ತಲಲ್ಲಿ ನಗುತ್ತ ಕೂತಿರುತ್ತಿದ್ದರು.

"ಅಮ್ಮಾ, ಮರ್ಯಾದೆ ತೆಗೀಬೇಡ," ಎಂದು ಎಜಿನ್ನೆ ಗೋಗರೆಯುತ್ತಿದ್ದಳು.

"ನಿನ್ ಮರ್ಯಾದೆ ಏನೂ ಕಂಬದ ಮೇಲೆ ನೇತಾಡ್ತಿಲ್ಲ ಕಣೇ."

*

"ಪಾದ್ರಿಗಳು ಮೈಕಿಗೆ ಕಾಯ್ತಿದಾರೆ. ಬಿಡು ದಾರಿ," ಎಂದು ಒಕೆಜಿಯೆ ಮತ್ತೆ ಹಗ್ಗ ಹಿಡಿದ.

"ದೆದೆ, ನಿನ್ನೆ ಸಂಜೆ ಬೀದಿ ಕರೆಂಟಲ್ಲೇ ಫ್ಯಾನ್ ತಿರುಗ್ತಿತ್ತು ಅಲ್ವಾ?"

"ತಿರುಗ್ತಿತ್ತು. ಏನೀಗ?"

"ಫ್ಯೂಸ್ ನನ್ ಸೊಂಟದಲ್ಲಿತ್ತು."

ಹಗ್ಗ ಹಿಡಿದ ಕೈ ಅಲ್ಲೇ ನಿಂತಿತು.

"ಫ್ಯೂಸಿನ ಜಾಗಕ್ಕೆ ಒಂದ್ ತುಂಡು ತಂತಿ ಸಿಕ್ಸಿದ್ದೆ. ಮನೆ ತುಂಬ ನೆಂಟರು, ಸೆಕೆಯಲ್ಲಿ ಹೆಂಗೆ ಕೂರಿಸ್ಲಿ... ಮರ್ತೇಹೋಯ್ತು ಕಣೇ. ಅಯ್ಯೋ ದೇವ್ರೇ, ಎರಡು ಸಲ ಎಳೆದ್ನಲ್ಲೇ!"

ಎಜಿನ್ನೆ ಒಳಗೆ ಓಡಿ, ಪೆಟ್ಟಿಗೆ ಬಳಸಿಕೊಂಡು ಹೋಗಿ, ಗೋಡೆಯಿಂದ ಪ್ಲಗ್ಗು ಕಿತ್ತಳು.

"ಮೈಕಿನವನ ಹತ್ರ ಉದ್ದ ವೈರಿನ ಬೋರ್ಡಿದೆ. ಅದನ್ನ ನೇರ ಜನರೇಟರಿಗೇ ಹಾಕು. ಮೈಕು, ದೀಪ, ಎಲ್ಲಾ ಅದ್ರಲ್ಲೇ. ಗೋಡೆ ತಂಟೆಗೆ ಹೋಗ್ಬೇಡ."

"ಮಿಕ್ಕಿದ ಮನೆಗಳು?" ಎಂದ ಒಕೆಜಿಯೆ. ಉತ್ತರಕ್ಕೂ ಕಾಯದೆ, "ಯಾರೂ ಜನರೇಟರ್ ಹಚ್ಬೇಡಿ!" ಎಂದು ಕೂಗುತ್ತ ಪಕ್ಕದ ಮನೆಯ ಗೇಟಿಗೆ ಓಡಿದ.

ಎಜಿನ್ನೆ ನೆಂಟರಿಗೆಂದು ಬೇಯಿಸಿದ್ದ ಅನ್ನವನ್ನು ತಟ್ಟೆಗೆ ಹಾಕಿಕೊಂಡು ಕಂಬದ ಬುಡಕ್ಕೆ ಬಂದಳು.

"ಅಣ್ಣಾ, ಮೊದ್ಲು ಇಳಿದು ಊಟ ಮಾಡಿ!"

ನ್ದುಕ್ವೆ ಕೆಳಗೆ ನೋಡಿ ನಕ್ಕ. "ಇನ್ನೊಂದ್ ಗಂಟು ಬಾಕಿ. ಮುಚ್ಚಿಡು ತಾಯಿ, ಇಳಿದ್‌ಬಂದು ತಿಂತೀನಿ."

ಎಜಿನ್ನೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ, ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ನಿಂತಳು. ಎಲ್ಲಿ ಸದ್ದಾದರೂ ಬೆಚ್ಚುತ್ತಿದ್ದಳು.

"ಏನೇ, ಹೆಣ ಕಾಯಿಸ್ತೀಯಾ?" ಚಿಕ್ಕಮ್ಮ ಬಾಗಿಲಿಂದ ಗದರಿದಳು.

"ಅಮ್ಮ ಕಾಯ್ತಾಳೆ ಚಿಕ್ಕಮ್ಮಾ. ಅವಳಿಗಿದು ಹೊಸದಲ್ಲ."

ಕೊನೆಗೂ ಬೂಟುಗಳು ನೆಲ ಮುಟ್ಟಿದವು. ನ್ದುಕ್ವೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆಗೆದ.

"ಆರಿಹೋಗಿದೆಯಲ್ಲ ತಾಯಿ."

"ಆರ್ಲಿ ಬಿಡಿ. ತಿನ್ನಿ."

ಅವನು ಕೊನೆಯ ತುತ್ತು ನುಂಗುವವರೆಗೂ ಯಾರೂ ಪೆಟ್ಟಿಗೆ ಎತ್ತಲಿಲ್ಲ.